ಎಫ್‌ಬಿಐ ಸಾಕಿದ ಡಾನ್: ಬಾಸ್ಟನ್ನಿನ ವೈಟಿ ಬಲ್ಜರ್

2024ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಕೋರ್ಟೊಂದು ಮೂವರು ಕೈದಿಗಳ ಕೇಸನ್ನು ಒಂದೊಂದಾಗಿ ಮುಗಿಸಿತು. ಒಬ್ಬನಿಗೆ 25 ವರ್ಷ ಶಿಕ್ಷೆ. ಇನ್ನೊಬ್ಬನಿಗೆ ನಾಲ್ಕು ವರ್ಷ ಚಿಲ್ಲರೆ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಸುಳ್ಳು ಹೇಳಿದ ಮೂರನೆಯವನಿಗೆ, ಅದುವರೆಗೆ ಒಳಗಿದ್ದ ದಿನಗಳೇ ಸಾಕು ಅಂತ ತೀರ್ಮಾನವಾಯಿತು. ಮೂವರೂ ಸಿಕ್ಕಿಬಿದ್ದಿದ್ದು ಒಂದೇ ಸಾವಿನ ಕೇಸಿನಲ್ಲಿ. 2018ರ ಅಕ್ಟೋಬರ್ 30ರ ಬೆಳಗ್ಗೆ ಹೇಝಲ್ಟನ್ ಎಂಬ ಫೆಡರಲ್ ಜೈಲಿನಲ್ಲಿ 89 ವರ್ಷದ ಮುದುಕನೊಬ್ಬನನ್ನು ಹೊಡೆದು ಕೊಂದಿದ್ದರು. ಕಾಲುಚೀಲದೊಳಗೆ ಬೀಗ ಹಾಕಿ ಬೀಸಿದ್ದರಂತೆ. ಆತ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವನು. ಆ ಜೈಲಿಗೆ ಬಂದಿದ್ದು ಹಿಂದಿನ ದಿನ ಸಂಜೆ.

ಆ ಮುದುಕ ಜೇಮ್ಸ್ ಬಲ್ಜರ್. ತಲೆಗೂದಲು ಬಿಳಿಯಾಗಿದ್ದದ್ದಕ್ಕೆ ಚಿಕ್ಕಂದಿನಲ್ಲೇ ಅಂಟಿದ ಅಡ್ಡಹೆಸರು 'ವೈಟಿ'. ಆ ಹೆಸರು ಅವನಿಗೆ ಆಗುತ್ತಿರಲಿಲ್ಲ. ಸುಮಾರು ಎರಡು ದಶಕ ಬಾಸ್ಟನ್ ನಗರದ ಭೂಗತ ಲೋಕ ಆಳಿದವನು. ಜೈಲಿನ ಗ್ಯಾಂಗುಗಳ ಲೆಕ್ಕದಲ್ಲಿ ಅವನು ಮಾಡಿದ ಕೊಲೆಗಳು ತಪ್ಪೇ ಅಲ್ಲ, ಪೊಲೀಸರಿಗೆ ಬಾತ್ಮೀದಾರನಾಗಿದ್ದೇ ಮಹಾಪರಾಧ. ತಾನು ಬಾತ್ಮೀದಾರ ಅಲ್ಲವೇ ಅಲ್ಲ ಅಂತ ಅವನು ಸಾಯುವ ತನಕ ವಾದಿಸಿದ. ಎಫ್‌ಬಿಐ ಕಚೇರಿಯಲ್ಲಿ ಅವನ ಹೆಸರಿನಲ್ಲಿದ್ದ ಸುಮಾರು 700 ಪುಟದ ಫೈಲು ಬೇರೆ ಕತೆ ಹೇಳುತ್ತಿತ್ತು.

ಈ ಫೈಲು ಇಲ್ಲದಿದ್ದರೆ ಬಲ್ಜರ್ ಅಷ್ಟು ದೊಡ್ಡ ಡಾನ್ ಆಗುತ್ತಲೇ ಇರಲಿಲ್ಲ ಅನ್ನುವುದು ನನ್ನ ಲೆಕ್ಕ. ಅವನ ಕತೆಯನ್ನು ಸುಮ್ನೆ ಒಬ್ಬ ಕ್ರೂರಿಯ ಕತೆಯಾಗಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ, ಸರ್ಕಾರವೇ ಒಬ್ಬ ರೌಡಿಗೆ ಎದುರಾಳಿಗಳೇ ಇಲ್ಲದ ಹಾಗೆ ಮಾಡಿಕೊಟ್ಟ ಕತೆ.

ಬಲ್ಜರ್ ಹುಟ್ಟಿದ್ದು 1929ರಲ್ಲಿ. ಬೆಳೆದಿದ್ದು ಸೌತ್ ಬಾಸ್ಟನ್ನಿನ ಓಲ್ಡ್ ಹಾರ್ಬರ್ ಎಂಬ ಸರ್ಕಾರಿ ವಸತಿ ಬಡಾವಣೆಯಲ್ಲಿ. ಐರಿಷ್ ಮೂಲದ ಕೂಲಿಕಾರ ಕುಟುಂಬಗಳೇ ಅಲ್ಲಿ ಜಾಸ್ತಿ. ಅಪ್ಪ ರೈಲ್ವೆ ಅಪಘಾತದಲ್ಲಿ ಒಂದು ಕೈ ಕಳೆದುಕೊಂಡವರು. ತಮ್ಮ ವಿಲಿಯಂ, ಅಂದರೆ ಬಿಲ್ಲಿ, ಓದಿನಲ್ಲಿ ಮುಂದೆ. ಅಣ್ಣ ಬೀದಿಯಲ್ಲಿ ಮುಂದೆ. ಬಿಲ್ಲಿ ಮುಂದೆ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟ್ ಅಧ್ಯಕ್ಷರಾಗಿ 1978ರಿಂದ 1996ರವರೆಗೆ ಕೂತರು. ಆಮೇಲೆ ರಾಜ್ಯ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. ಒಂದೇ ಮನೆಯಿಂದ ರಾಜ್ಯದ ಪ್ರಬಲ ರಾಜಕಾರಣಿಯೂ ಬಂದ, ಪ್ರಬಲ ಡಾನ್ ಕೂಡ ಬಂದ. ಸಿನಿಮಾದಲ್ಲಿ ಹೀಗೆ ತೋರಿಸಿದರೆ 'ಅತಿಯಾಯ್ತು' ಅನ್ನುತ್ತಿದ್ದೆವು, ಅಲ್ವಾ?

ವೈಟಿ 1956ರಲ್ಲಿ ಬ್ಯಾಂಕ್ ದರೋಡೆ ಕೇಸಿನಲ್ಲಿ ಒಳಗೆ ಹೋದ. ಅಟ್ಲಾಂಟಾ ಜೈಲಿನಲ್ಲಿದ್ದಾಗ ಶಿಕ್ಷೆ ಕಡಿಮೆಯಾಗುತ್ತದೆ ಎಂಬ ಆಸೆಗೆ ಔಷಧ ಪ್ರಯೋಗಕ್ಕೆ ಒಪ್ಪಿಕೊಂಡ. ಕೊಟ್ಟಿದ್ದು ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕ ದ್ರವ್ಯ. ಹಿಂದೆ ಇದ್ದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ರಾತ್ರಿ ಕೆಟ್ಟ ಕನಸು ಬೀಳುವುದು ಆಮೇಲೆ ಜೀವಮಾನವಿಡೀ ತಪ್ಪಲಿಲ್ಲ ಅಂತ ಅವನು ಹೇಳಿಕೊಳ್ಳುತ್ತಿದ್ದ. ಅಲ್ಲಿಂದ ಅಲ್ಕಟ್ರಾಝ್ ದ್ವೀಪದ ಜೈಲು, ಇನ್ನೆರಡು ಜೈಲು, ಒಂಬತ್ತು ವರ್ಷದ ಮೇಲೆ 1965ರಲ್ಲಿ ಬಿಡುಗಡೆ.

ಹೊರಗೆ ಬಂದವನು ಕೆಲವು ದಿನ ಕಸ ಗುಡಿಸುವ ಕೆಲಸ ಮಾಡಿದ, ಆಮೇಲೆ ಹಳೇ ದಾರಿಗೇ ಬಂದ. ಎಪ್ಪತ್ತರ ದಶಕದ ಹೊತ್ತಿಗೆ ವಿಂಟರ್ ಹಿಲ್ ಎಂಬ ಗ್ಯಾಂಗಿನಲ್ಲಿದ್ದ. ಜೊತೆಗಾರ ಸ್ಟೀಫನ್ ಫ್ಲೆಮಿ. ಇವರ ಆದಾಯದ ಮೂಲ ನಮಗೂ ಹೊಸದಲ್ಲ: ಬುಕ್ಕಿಗಳಿಂದ ಹಫ್ತಾ, ಮೀಟರ್ ಬಡ್ಡಿ, ಅಂಗಡಿಯವರಿಂದ ರೋಲ್‌ಕಾಲ್. 'ನಮ್ಮ ಏರಿಯಾದಲ್ಲಿ ದಂಧೆ ಮಾಡುತ್ತೀಯ, ಬಾಡಿಗೆ ಕೊಡು' ಅನ್ನುವ ಲೆಕ್ಕ. ಅಂಥವರು ಅಮೆರಿಕದ ಪ್ರತಿ ಊರಲ್ಲೂ ಇದ್ದರು. ಹೆಚ್ಚಿನವರು ಐದು, ಹತ್ತು ವರ್ಷದಲ್ಲಿ ಒಂದೋ ಜೈಲಿಗೆ, ಇಲ್ಲವೇ ಗುಂಡಿಗೆ.

ಬಲ್ಜರ್ ಆ ಗುಂಪಿನಿಂದ ಬೇರೆಯಾಗಿದ್ದು 1975ರಲ್ಲಿ. ಬಾಸ್ಟನ್ ಪಕ್ಕದ ಕ್ವಿನ್ಸಿಯ ಕಡಲತೀರದಲ್ಲಿ, ರಾತ್ರಿ ಹೊತ್ತು, ಒಂದು ಕಾರಿನಲ್ಲಿ ಎಫ್‌ಬಿಐ ಏಜೆಂಟ್ ಜಾನ್ ಕಾನಲಿ ಅವನನ್ನು ಭೇಟಿಯಾದ. ಕಾನಲಿಯೂ ಓಲ್ಡ್ ಹಾರ್ಬರ್ ಬಡಾವಣೆಯ ಹುಡುಗನೇ. ಚಿಕ್ಕವನಿದ್ದಾಗ ವೈಟಿ ತನಗೆ ಐಸ್‌ಕ್ರೀಂ ಕೊಡಿಸಿದ್ದ ಅಂತ ಕಾನಲಿ ದೊಡ್ಡವನಾದ ಮೇಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಬಿಲ್ಲಿಯ ಬಗ್ಗೆಯಂತೂ ಅವನಿಗೆ ಭಕ್ತಿ. ಈಗ ಅವನು ಬಲ್ಜರ್ ಮುಂದಿಟ್ಟ ಮಾತು ಸರಳ: ಇಟಾಲಿಯನ್ನರು ನಿನ್ನನ್ನು ಮುಗಿಸಲು ಪೊಲೀಸರನ್ನು ಬಳಸಿಕೊಳ್ಳುತ್ತಿದ್ದಾರೆ. ನೀನೂ ನಮ್ಮನ್ನು ಬಳಸಿಕೋ.

ಎಫ್‌ಬಿಐಗೆ ಬಲ್ಜರ್ ಯಾಕೆ ಬೇಕಾಗಿದ್ದ? ಆ ಕಾಲದಲ್ಲಿ ಅವರ ಕಣ್ಣೆಲ್ಲ ಇಟಾಲಿಯನ್ ಮಾಫಿಯಾ ಮೇಲೆ. ನ್ಯೂ ಇಂಗ್ಲೆಂಡ್ ಪ್ರಾಂತ್ಯದಲ್ಲಿ ಅದು ಪಾಟ್ರಿಯಾರ್ಕ ಕುಟುಂಬದ ಕೈಯಲ್ಲಿತ್ತು. ಬಾಸ್ಟನ್ನಿನಲ್ಲಿ ಅದರ ಮುಖ್ಯಸ್ಥ ಜೆನ್ನಾರೋ ಆಂಜುಲೋ, ನಗರದ ನಾರ್ತ್ ಎಂಡ್‌ನಲ್ಲಿ ಪ್ರಿನ್ಸ್ ಸ್ಟ್ರೀಟಿನ 98ನೇ ನಂಬರಿನ ಕಟ್ಟಡದಲ್ಲಿ ಕೂತು ವ್ಯವಹಾರ ನಡೆಸುತ್ತಿದ್ದ. ಮೇಲಿನ ಹಂತದ ಅಪರಾಧಿಗಳನ್ನೇ ಬಾತ್ಮೀದಾರರನ್ನಾಗಿ ಹಿಡಿಯಬೇಕು ಎಂಬ ಯೋಜನೆ ಎಫ್‌ಬಿಐಯಲ್ಲಿ 1961ರಿಂದಲೂ ಇತ್ತು. ದೊಡ್ಡ ಬಾತ್ಮೀದಾರನನ್ನು ಹಿಡಿದ ಏಜೆಂಟಿಗೆ ಇಲಾಖೆಯಲ್ಲಿ ಬೆಲೆ.

ಎಡವಟ್ಟು ಇರುವುದೇ ಇಲ್ಲಿ. ಬಾತ್ಮೀದಾರ ಪಾತಕದಲ್ಲಿ ಎಷ್ಟು ಆಳಕ್ಕೆ ಇಳಿದಿರುತ್ತಾನೋ ಅಷ್ಟು ಅವನಿಗೆ ಬೆಲೆ ಜಾಸ್ತಿ. ಅವನು ಸುಧಾರಿಸಿದರೆ ಏಜೆಂಟಿಗೆ ನಷ್ಟ. ಸಿಕ್ಕಿಬಿದ್ದರೆ ಇನ್ನೂ ದೊಡ್ಡ ನಷ್ಟ. ಅವನು ಕೊಟ್ಟ ಸುದ್ದಿ ನಿಜವೋ ಸುಳ್ಳೋ, ಬೆಲೆಬಾಳುವುದೋ ಇಲ್ಲವೋ ಅಂತ ಫೈಲಿನಲ್ಲಿ ಬರೆಯುವವನೂ ಅದೇ ಏಜೆಂಟ್. ಈ ವ್ಯವಸ್ಥೆಗೆ ಕಾನಲಿಯಂಥ ಭ್ರಷ್ಟನೇ ಬೇಕು ಅಂತಿಲ್ಲ. ಸಾಧಾರಣ ಮಹತ್ವಾಕಾಂಕ್ಷೆ ಇರುವ ನೌಕರ ಕೂಡ ದಾರಿ ತಪ್ಪುವ ಹಾಗಿದೆ.

ಮೊದಲ ಫಲ 1979ರಲ್ಲಿ ಸಿಕ್ಕಿತು. ಕುದುರೆ ರೇಸು ಫಿಕ್ಸ್ ಮಾಡಿದ ಕೇಸಿನಲ್ಲಿ ವಿಂಟರ್ ಹಿಲ್ ಗ್ಯಾಂಗಿನ ಮೇಲೆ ಆರೋಪಪಟ್ಟಿ ಬಿತ್ತು. ಯಜಮಾನ ಹೋವಿ ವಿಂಟರ್ ಸೇರಿ ಹಲವರ ಹೆಸರು ಅದರಲ್ಲಿತ್ತು. ಬಲ್ಜರ್ ಮತ್ತು ಫ್ಲೆಮಿ ಹೆಸರು ಇರಲಿಲ್ಲ. ಕಾನಲಿ ಮತ್ತು ಅವನ ಮೇಲಧಿಕಾರಿ ಜಾನ್ ಮಾರಿಸ್ ಮುಂಚೆಯೇ ಸರ್ಕಾರಿ ವಕೀಲರ ಹತ್ತಿರ ಹೋಗಿ 'ಇವರಿಬ್ಬರು ನಮ್ಮವರು' ಅಂತ ಹೇಳಿ ಬಂದಿದ್ದರು. ಯಜಮಾನ ಜೈಲಿಗೆ ಹೋದ, ಕುರ್ಚಿ ಖಾಲಿಯಾಯಿತು, ಬಲ್ಜರ್ ಕೂತ. ಒಂದು ಗುಂಡೂ ಹಾರಿಸಬೇಕಾಗಲಿಲ್ಲ.

ಎರಡನೆಯದು ಇನ್ನೂ ದೊಡ್ಡದು. 1981ರಲ್ಲಿ ಎಫ್‌ಬಿಐ ಪ್ರಿನ್ಸ್ ಸ್ಟ್ರೀಟಿನ ಕಚೇರಿಯೊಳಗೆ ಗುಟ್ಟಾಗಿ ಮೈಕ್ ಇಟ್ಟಿತು. ಆ ಟೇಪುಗಳ ಬಲದಿಂದ ಆಂಜುಲೋಗೆ 1986ರಲ್ಲಿ 45 ವರ್ಷ ಶಿಕ್ಷೆ. ಇದು ಬಲ್ಜರ್ ಕೊಟ್ಟ ಸುದ್ದಿಯ ಫಲ ಅಂತ ಕಾನಲಿ ಎಲ್ಲ ಕಡೆ ಹೇಳಿಕೊಂಡ. ಆದರೆ ಮಾಫಿಯಾದವರ ಮಧ್ಯೆ ನಿಜಕ್ಕೂ ಓಡಾಟವಿದ್ದದ್ದು ಇಟಾಲಿಯನ್ ಮೂಲದ ಫ್ಲೆಮಿಗೆ. ಅವನು 1965ರಿಂದಲೇ ಎಫ್‌ಬಿಐ ಬಾತ್ಮೀದಾರ. ಬಲ್ಜರ್ ಫೈಲಿನ ಎಷ್ಟೋ ಸುದ್ದಿಗಳು ಬೇರೆ ಬಾತ್ಮೀದಾರರ ಫೈಲಿನಿಂದ ಎತ್ತಿದಂಥವು ಅಂತ ಅವನ ವಕೀಲರು ಮುಂದೆ ಕೋರ್ಟಿನಲ್ಲಿ ಪುಟ ಪುಟ ತೋರಿಸಿದರು. ಬಲ್ಜರ್ ಸುದ್ದಿ ಕೊಟ್ಟವನಲ್ಲ, ಲಂಚ ಕೊಟ್ಟು ಸುದ್ದಿ ಕೊಂಡವನು ಅನ್ನುವುದು ಅವರ ವಾದ. ಮರ್ಯಾದೆ ಉಳಿಸಿಕೊಳ್ಳಲು ಹೇಳಿದ್ದಾದರೂ ಅದರಲ್ಲಿ ಹುರುಳಿಲ್ಲದೆ ಇಲ್ಲ. ಸುದ್ದಿ ಎರಡೂ ಕಡೆ ಹರಿಯುತ್ತಿತ್ತು, ಬಲ್ಜರ್ ಕಡೆಗೆ ಬಂದದ್ದೇ ಭಾರ.

ಲಂಚ ಅಂದರೆ ಎಷ್ಟು ಗೊತ್ತಾ? ಮಾರಿಸ್ ಒಪ್ಪಿಕೊಂಡದ್ದು ಒಟ್ಟು 7,000 ಡಾಲರ್. ಅದರಲ್ಲಿ 1,000 ಡಾಲರ್, ತರಬೇತಿಗೆ ಜಾರ್ಜಿಯಾಕ್ಕೆ ಹೋಗಿದ್ದಾಗ ಗೆಳತಿಯನ್ನು ಅಲ್ಲಿಗೆ ಕರೆಸಿಕೊಳ್ಳಲು ವಿಮಾನದ ಟಿಕೆಟ್ಟಿಗೆ. ಇನ್ನೊಂದು ಸಾವಿರ ವೈನ್ ಬಾಟಲಿಗಳ ಪೆಟ್ಟಿಗೆಯಲ್ಲಿ ಬಂತು. ಮಾರಿಸ್‌ಗೆ ವೈನ್ ಅಂದರೆ ಪ್ರಾಣ. ಗ್ಯಾಂಗಿನವರು ಅವನಿಗೆ ಇಟ್ಟಿದ್ದ ಹೆಸರೇ 'ವಿನೋ'. ಒಂದು ಮಹಾನಗರದ ಎಫ್‌ಬಿಐ ಸಂಘಟಿತ ಅಪರಾಧ ದಳದ ಮುಖ್ಯಸ್ಥ ಇಷ್ಟು ಅಗ್ಗಕ್ಕೆ ಸಿಕ್ಕಿದ. ದುಡ್ಡಿಗಿಂತ ಸಲಿಗೆ ಹೆಚ್ಚು ಕೆಲಸ ಮಾಡಿತು ಅಂತ ನನಗನ್ನಿಸುತ್ತದೆ. ಏಜೆಂಟರು ಮತ್ತು ಡಾನ್‌ಗಳು ಒಬ್ಬರ ಮನೆಗೊಬ್ಬರು ಊಟಕ್ಕೆ ಹೋಗುತ್ತಿದ್ದರು. ಫ್ಲೆಮಿಯ ಅಪ್ಪ ಅಮ್ಮನ ಮನೆ ಬಿಲ್ಲಿ ಬಲ್ಜರ್ ಮನೆಯ ಪಕ್ಕದಲ್ಲೇ ಇತ್ತು. ಅದರ ಹಿತ್ತಿಲ ಶೆಡ್ಡಿನಲ್ಲಿ ಗ್ಯಾಂಗಿನ ಬಂದೂಕುಗಳು.

ಈ ಸಲಿಗೆಗೆ ಜೀವ ತೆತ್ತವರು ಬೇರೆ. 1981ರ ಮೇ 27ರಂದು ಒಕ್ಲಹೋಮಾದ ಟಲ್ಸಾ ನಗರದಲ್ಲಿ ರೋಜರ್ ವೀಲರ್ ಎಂಬ ಉದ್ಯಮಿ ಗಾಲ್ಫ್ ಮುಗಿಸಿ ಕಾರು ಹತ್ತುತ್ತಿದ್ದರು. ತಲೆಗೆ ಗುಂಡು ಬಿತ್ತು. ಜೂಜು ನಡೆಯುವ ಹೈ ಅಲೈ ಆಟದ ಕಂಪನಿಯೊಂದನ್ನು ಅವರು ಕೊಂಡಿದ್ದರು. ಅದರ ದುಡ್ಡು ಸೋರುತ್ತಿದೆ ಅನ್ನುವ ಅನುಮಾನ ಅವರಿಗಿತ್ತು. ಆ ಕಂಪನಿಯ ಭದ್ರತಾ ಮುಖ್ಯಸ್ಥ ಯಾರು? ಪಾಲ್ ರಿಕೋ, ಹಿಂದೆ ಫ್ಲೆಮಿಯನ್ನು ಬಾತ್ಮೀದಾರನನ್ನಾಗಿ ಹಿಡಿದಿದ್ದ ನಿವೃತ್ತ ಎಫ್‌ಬಿಐ ಏಜೆಂಟ್.

ಬ್ರಯನ್ ಹ್ಯಾಲರನ್ ಎಂಬ ಪುಂಡನಿಗೆ ಈ ಕೊಲೆಯ ಒಳಗುಟ್ಟು ಗೊತ್ತಿತ್ತು. ಹೆದರಿ ಎಫ್‌ಬಿಐ ಹತ್ತಿರ ಹೋಗಿ ಬಲ್ಜರ್ ಹೆಸರು ಹೇಳಿದ. ಮಾರಿಸ್ ಅದನ್ನು ಕಾನಲಿಗೆ ಹೇಳಿದ. ಕಾನಲಿ ಬಲ್ಜರ್‌ಗೆ ಹೇಳಿದ. 1982ರ ಮೇ 11ರ ಸಂಜೆ ಹ್ಯಾಲರನ್ ಬಂದರಿನ ಹತ್ತಿರದ ಹೋಟೆಲಿನಿಂದ ಹೊರಬಂದು ಪರಿಚಯದವರ ಕಾರು ಹತ್ತಿದ. ಬಲ್ಜರ್ ಇನ್ನೊಂದು ಕಾರಿನಿಂದ ಗುಂಡಿನ ಮಳೆಗರೆದ. ಕಾರು ಓಡಿಸುತ್ತಿದ್ದವರು ಮೈಕಲ್ ಡಾನಹ್ಯೂ, ಟ್ರಕ್ ಚಾಲಕ, ಮೂರು ಗಂಡುಮಕ್ಕಳ ತಂದೆ. ಯಾವ ಗ್ಯಾಂಗಿಗೂ ಸೇರಿದವರಲ್ಲ. ಸುಮ್ನೆ ಮನೆಗೆ ಡ್ರಾಪ್ ಕೊಡಲು ಹೊರಟಿದ್ದರು. ಅವರೂ ಸತ್ತರು. ಅದೇ ಆಗಸ್ಟಿನಲ್ಲಿ, ಆ ಗುಟ್ಟು ತಿಳಿದಿದ್ದ ಇನ್ನೊಬ್ಬ, ಜಾನ್ ಕ್ಯಾಲಹನ್, ಮಯಾಮಿ ವಿಮಾನ ನಿಲ್ದಾಣದಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಹೆಣವಾಗಿ ಸಿಕ್ಕಿದ.

1984ರಲ್ಲಿ ಐರಿಷ್ ಬಂಡುಕೋರರಿಗೆ ಏಳು ಟನ್ ಶಸ್ತ್ರಾಸ್ತ್ರ ಸಾಗಿಸಿದ 'ವಲ್ಹಾಲಾ' ಎಂಬ ಮೀನುಗಾರಿಕೆ ಹಡಗಿನ ಪ್ರಕರಣವೂ ಹೀಗೇ. ಅದರಲ್ಲಿದ್ದ ಜಾನ್ ಮ್ಯಾಕಿಂಟೈರ್ ಪೊಲೀಸರ ಮುಂದೆ ಬಾಯಿಬಿಟ್ಟ. ಸುದ್ದಿ ಬಲ್ಜರ್‌ಗೆ ತಲುಪಿತು. ನವೆಂಬರ್‌ನಲ್ಲಿ ಸೌತ್ ಬಾಸ್ಟನ್ನಿನ ಒಂದು ಮನೆಯಲ್ಲಿ ಅವನನ್ನು ಕೊಂದು ನೆಲಮಾಳಿಗೆಯಲ್ಲೇ ಹೂತರು. ಮನೆ ಮಾರಾಟಕ್ಕೆ ಬಂದಾಗ ಅವನದೂ ಸೇರಿ ಅಲ್ಲಿದ್ದ ಮೂರು ಹೆಣಗಳನ್ನೂ ಅಗೆದು ಬೇರೆ ಕಡೆ ಹೂತರು. ಅವು ಸಿಕ್ಕಿದ್ದು 2000ದಲ್ಲಿ.

ಇಷ್ಟೆಲ್ಲ ನಡೆಯುವಾಗ ಊರಿನವರ ಬಾಯಲ್ಲಿ ಬಲ್ಜರ್ ಬಗ್ಗೆ ಒಳ್ಳೆಯ ಮಾತಿತ್ತು ಅನ್ನುವುದು ಆಶ್ಚರ್ಯ. ಹಬ್ಬಕ್ಕೆ ಬಡವರಿಗೆ ಕೊಡುತ್ತಾನೆ, ಏರಿಯಾದೊಳಗೆ ಡ್ರಗ್ಸ್ ಬಿಡುವುದಿಲ್ಲ ಅಂತ. ನಿಜ ಏನೆಂದರೆ ಡ್ರಗ್ಸ್ ಮಾರುವವರಿಂದಲೂ ಅವನು ಹಫ್ತಾ ಎತ್ತುತ್ತಿದ್ದ. 1990ರಲ್ಲಿ ಅಲ್ಲಿನ ಕೊಕೇನ್ ಜಾಲದ 51 ಮಂದಿ ಒಟ್ಟಿಗೆ ಸಿಕ್ಕಿಬಿದ್ದಾಗಲೂ ಅವನ ಹೆಸರು ಹೇಳಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಮದ್ಯದಂಗಡಿಯ ಕತೆಯಂತೂ ನೋಡಿ. 1984ರ ಆರಂಭದಲ್ಲಿ ಒಬ್ಬ ದಂಪತಿ ಆಗಷ್ಟೇ ತೆರೆದಿದ್ದ ಅಂಗಡಿಯನ್ನು, ಅವರ ಮನೆಗೇ ಹೋಗಿ, ಪುಟ್ಟ ಮಗಳ ಎದುರಿಗೇ ಬಂದೂಕು ಮೇಜಿನ ಮೇಲಿಟ್ಟು ಬರೆಸಿಕೊಂಡರು. 1991ರಲ್ಲಿ ಅದೇ ಅಂಗಡಿಯಲ್ಲಿ ಮಾರಾಟವಾದ ಲಾಟರಿ ಟಿಕೆಟ್ಟಿಗೆ 1.43 ಕೋಟಿ ಡಾಲರ್ ಬಹುಮಾನ ಬಂತು. ಬಲ್ಜರ್ 'ನಂದೂ ಪಾಲಿದೆ' ಅಂತ ಹೋಗಿ ವರ್ಷಕ್ಕೆ ಸುಮಾರು 89,000 ಡಾಲರ್ ಪಡೆಯಲು ಶುರು ಮಾಡಿದ. ಕಪ್ಪುಹಣ ಇಟ್ಟುಕೊಂಡವನಿಗೆ ಬಿಳಿ ಆದಾಯದ ಚೀಟಿ ಸಿಕ್ಕಿದಂತಾಯಿತು!

ಅವನನ್ನು ಹಿಡಿಯಲು ಯಾರೂ ಪ್ರಯತ್ನಿಸಲಿಲ್ಲ ಅಂತಲ್ಲ. ರಾಜ್ಯ ಪೊಲೀಸರು 1980ರಲ್ಲಿ ಲ್ಯಾಂಕಾಸ್ಟರ್ ಸ್ಟ್ರೀಟಿನ ಗ್ಯಾರೇಜಿನೊಳಗೆ ಮೈಕ್ ಇಟ್ಟಿದ್ದರು. ಕೆಲವೇ ದಿನಕ್ಕೆ ಗ್ಯಾಂಗಿನವರು ಮಾತು ಬದಲಿಸಿದರು. ಪೊಲೀಸರಿಗೆ ಆಗಲೇ ಅನುಮಾನ ಬಂತು. 1988ರಲ್ಲಿ 'ಬಾಸ್ಟನ್ ಗ್ಲೋಬ್' ಪತ್ರಿಕೆ ಎಫ್‌ಬಿಐ ಜೊತೆ ಬಲ್ಜರ್‌ಗೆ ವಿಶೇಷ ನಂಟಿದೆ ಅಂತ ಬರೆಯಿತು. ಆ ಸುದ್ದಿಯ ಮೂಲಗಳಲ್ಲಿ ಒಬ್ಬ ಮಾರಿಸ್! ಕೊನೆಗೆ ತೊಂಬತ್ತರ ದಶಕದಲ್ಲಿ ರಾಜ್ಯ ಪೊಲೀಸರು ಮತ್ತು ಕೆಲವು ಸರ್ಕಾರಿ ವಕೀಲರು ಎಫ್‌ಬಿಐಯನ್ನು ಬದಿಗಿಟ್ಟು ಬುಕ್ಕಿಗಳನ್ನು ಹಿಡಿದರು. ಜೂಜಿನ ಸಣ್ಣ ಕೇಸಾದರೆ ಅವರು ದಂಡ ಕಟ್ಟಿ ನಗುತ್ತಾ ಹೋಗುತ್ತಿದ್ದರು. ಹಣ ಅಕ್ರಮ ವರ್ಗಾವಣೆಯ ಕೇಸು, ಆಸ್ತಿ ಮುಟ್ಟುಗೋಲು ಅಂದಾಗ ಹಫ್ತಾ ಯಾರಿಗೆ ಹೋಗುತ್ತಿತ್ತು ಅಂತ ಹೇಳಿದರು.

ಆರೋಪಪಟ್ಟಿ ಬರುತ್ತದೆ ಅನ್ನುವ ಸುಳಿವನ್ನು 1994ರ ಕ್ರಿಸ್‌ಮಸ್ ಹೊತ್ತಿಗೆ ಕಾನಲಿಯೇ ಮುಟ್ಟಿಸಿದ. ಅವನು ಅಷ್ಟರಲ್ಲಿ ನಿವೃತ್ತನಾಗಿದ್ದ. ಬಲ್ಜರ್ ಪರಾರಿ. ಮರುವರ್ಷ ಅಕ್ಟೋಬರ್‌ನಲ್ಲಿ ಎಫ್‌ಬಿಐ ತರಬೇತಿ ಅಕಾಡೆಮಿಯಲ್ಲಿದ್ದ ಮಾರಿಸ್‌ಗೆ ಫೋನ್ ಬಂತು. ಆ ಕಡೆ ಬಲ್ಜರ್: ನಾನು ಮುಳುಗಿದರೆ ನಿನ್ನನ್ನೂ ಮುಳುಗಿಸುತ್ತೇನೆ ಅಂತ ಬೆದರಿಕೆ. ಅದೇ ದಿನ ಮಾರಿಸ್‌ಗೆ ಹೃದಯಾಘಾತವಾಯಿತು. ಬದುಕಿಕೊಂಡ.

ಬಲ್ಜರ್ 16 ವರ್ಷ ಸಿಗಲಿಲ್ಲ. ಎಫ್‌ಬಿಐಯ ಅತಿ ಬೇಕಾದ ಹತ್ತು ಆರೋಪಿಗಳ ಪಟ್ಟಿಯಲ್ಲಿ ಅವನ ಫೋಟೋ ಬಿನ್ ಲಾಡೆನ್ ಜೊತೆಗಿತ್ತು. ತಲೆಗೆ 20 ಲಕ್ಷ ಡಾಲರ್. ಅವನಾದರೋ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ, ಸಮುದ್ರಕ್ಕೆ ಹತ್ತಿರದ ಸಾಧಾರಣ ಅಪಾರ್ಟ್‌ಮೆಂಟಿನಲ್ಲಿ, ಗೆಳತಿ ಕ್ಯಾಥರಿನ್ ಗ್ರೆಗ್ ಜೊತೆ ಚಾರ್ಲಿ, ಕ್ಯಾರಲ್ ಎಂಬ ಹೆಸರಲ್ಲಿ ಬಾಡಿಗೆಗಿದ್ದ. 2011ರ ಜೂನ್‌ನಲ್ಲಿ ಎಫ್‌ಬಿಐ ಉಪಾಯ ಬದಲಿಸಿ, ಹಗಲು ಹೊತ್ತಿನ ಟೀವಿ ಜಾಹೀರಾತಿನಲ್ಲಿ ಗ್ರೆಗ್ ಮುಖ ತೋರಿಸಿತು. ಬೀದಿ ಬೆಕ್ಕಿಗೆ ಆಕೆ ದಿನಾ ಊಟ ಹಾಕುತ್ತಿದ್ದದ್ದನ್ನು ನೋಡಿ ಪರಿಚಯವಾಗಿದ್ದ ಐಸ್‌ಲ್ಯಾಂಡಿನ ಮಹಿಳೆಯೊಬ್ಬರು ಗುರುತು ಹಿಡಿದರು. ಮನೆಯ ಗೋಡೆಯೊಳಗೆ 8,22,000 ಡಾಲರ್ ನಗದು ಮತ್ತು 30 ಬಂದೂಕು ಸಿಕ್ಕವು. 2013ರಲ್ಲಿ ಜ್ಯೂರಿ 32ರಲ್ಲಿ 31 ಆರೋಪ ಒಪ್ಪಿತು. 19 ಕೊಲೆಗಳಲ್ಲಿ 11 ಸಾಬೀತಾದವು. ಎರಡು ಜೀವಾವಧಿ ಶಿಕ್ಷೆ.

ಆದರೆ ಸರ್ಕಾರದ ಪಾಲಿನ ತಪ್ಪಿಗೆ ಲೆಕ್ಕ ತೀರಿದ್ದು ಹೇಗೆ? ಕಾನಲಿಗೆ ಮೊದಲು ಹತ್ತು ವರ್ಷ, ಆಮೇಲೆ ಕ್ಯಾಲಹನ್ ಕೊಲೆಗೆ 40 ವರ್ಷ. 2021ರಲ್ಲಿ ಕಾಯಿಲೆಯ ಕಾರಣಕ್ಕೆ ಹೊರಗೆ ಬಂದ. ಮಾರಿಸ್ ಸಾಕ್ಷಿ ಹೇಳಿ ಬಚಾವಾದ. ರಿಕೋ ವಿಚಾರಣೆಗೆ ಮೊದಲೇ 2004ರಲ್ಲಿ ತೀರಿಕೊಂಡ. ಮ್ಯಾಕಿಂಟೈರ್ ಮನೆಯವರಿಗೆ 31 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಡಾನಹ್ಯೂ ಮತ್ತು ಹ್ಯಾಲರನ್ ಕುಟುಂಬಗಳಿಗೂ ಕೆಳಗಿನ ಕೋರ್ಟು ಪರಿಹಾರ ಕೊಡಿಸಿತ್ತು. 2011ರಲ್ಲಿ ಮೇಲಿನ ಕೋರ್ಟು ಅದನ್ನು ಕಿತ್ತುಕೊಂಡಿತು. ಕಾರಣ, ಕೇಸು ಹಾಕಲು ಎರಡು ವರ್ಷದ ಗಡುವು ಮೀರಿತ್ತಂತೆ. 1998ರಲ್ಲಿ ಪತ್ರಿಕೆಗಳಲ್ಲಿ ಬಂದಾಗಲೇ ನಿಮಗೆ ಗೊತ್ತಾಗಬೇಕಿತ್ತು ಅನ್ನುವುದು ತರ್ಕ. ಸರ್ಕಾರವೇ ವರ್ಷಗಟ್ಟಲೆ ಮುಚ್ಚಿಟ್ಟ ವಿಷಯ ವಿಧವೆಯೊಬ್ಬರಿಗೆ ಸಕಾಲಕ್ಕೆ ತಿಳಿಯಬೇಕಿತ್ತಂತೆ! ಇಡೀ ಪ್ರಕರಣದಲ್ಲಿ ನನಗೆ ಅತಿ ಕೋಪ ಬರುವುದು ಈ ತೀರ್ಪಿಗೆ, ಬಲ್ಜರ್‌ಗಲ್ಲ.

ಇದು ಬಾಸ್ಟನ್ ಕಚೇರಿಯ ಮೊದಲ ಕಥೆಯೂ ಅಲ್ಲ. 1965ರ ಒಂದು ಕೊಲೆಯಲ್ಲಿ ತಮ್ಮ ಬಾತ್ಮೀದಾರನ ಸುಳ್ಳು ಸಾಕ್ಷಿಯಿಂದ ನಾಲ್ವರು ನಿರಪರಾಧಿಗಳು ಜೈಲಿಗೆ ಹೋಗುವುದನ್ನು ಅಲ್ಲಿನ ಎಫ್‌ಬಿಐ ನೋಡುತ್ತಾ ಕೂತಿತ್ತು. ಇಬ್ಬರು ಒಳಗೇ ಸತ್ತರು. 2007ರಲ್ಲಿ ಕೋರ್ಟು 10.17 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಅಲ್ಲೂ ರಿಕೋ ಹೆಸರಿದೆ.

ಬಲ್ಜರ್ ಹಗರಣದ ನಂತರ 2001ರಲ್ಲಿ ಬಾತ್ಮೀದಾರರ ಬಗ್ಗೆ ನಿಯಮ ಬಿಗಿಯಾಯಿತು. ದೊಡ್ಡ ಪಾತಕಿಗಳನ್ನು ಇಟ್ಟುಕೊಳ್ಳಲು ಸಮಿತಿಯ ಒಪ್ಪಿಗೆ ಬೇಕು, ಏಜೆಂಟ್ ಒಬ್ಬನೇ ತೀರ್ಮಾನಿಸುವ ಹಾಗಿಲ್ಲ. ಕಾಗದದ ಮೇಲೆ ಚೆನ್ನಾಗಿದೆ. 2005ರಲ್ಲಿ ನ್ಯಾಯ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ 120 ಫೈಲು ತೆಗೆದು ನೋಡಿದರೆ 87 ಶೇಕಡಾ ಫೈಲುಗಳಲ್ಲಿ ಒಂದಲ್ಲ ಒಂದು ನಿಯಮ ಮುರಿದಿತ್ತು. 2011ರ ಒಂದೇ ವರ್ಷದಲ್ಲಿ ಬಾತ್ಮೀದಾರರಿಗೆ ಕಾನೂನು ಮುರಿಯಲು ಎಫ್‌ಬಿಐ ಕನಿಷ್ಠ 5,658 ಸಲ ಅನುಮತಿ ಕೊಟ್ಟಿತ್ತು ಅಂತ ಅದರ ದಾಖಲೆಯೇ ಹೇಳುತ್ತದೆ.

ಹೇಝಲ್ಟನ್ ಸಾವಿನ ತನಿಖೆಯಲ್ಲೂ ಇದೇ ವಾಸನೆ. 2022ರ ವರದಿ ಪ್ರಕಾರ ಬಲ್ಜರ್ ಬರುತ್ತಾನೆ ಅನ್ನುವುದು ಜೈಲು ಇಲಾಖೆಯ ನೂರಕ್ಕೂ ಹೆಚ್ಚು ಜನಕ್ಕೆ ಮುಂಚೆಯೇ ಗೊತ್ತಿತ್ತು. ಎಷ್ಟು ದಿನ ಬದುಕುತ್ತಾನೆ ಅಂತ ಕೈದಿಗಳು ಬಾಜಿ ಕಟ್ಟಿದ್ದರು. ಬೇಕೆಂದೇ ಮಾಡಿದ್ದಕ್ಕೆ ಪುರಾವೆ ಇಲ್ಲ, ಕೈಲಾಗದ ಆಡಳಿತ ಅಷ್ಟೇ ಅಂತ ವರದಿ ಮುಗಿಯಿತು.

ಇನ್ನೊಂದು ವಿಷಯ. 2001ರ ನಿಯಮಗಳು ಕಾನೂನಲ್ಲ, ಅಟಾರ್ನಿ ಜನರಲ್ ಹಾಕಿದ ಮಾರ್ಗಸೂಚಿ. ಮುಂದೆ ಬಂದವರು ಸಹಿ ಹಾಕಿ ಬದಲಿಸಬಹುದು. ಬಾತ್ಮೀದಾರರು ಮಾಡುವ ಗಂಭೀರ ಅಪರಾಧಗಳ ಲೆಕ್ಕವನ್ನು ಎಫ್‌ಬಿಐ ಮತ್ತಿತರ ಸಂಸ್ಥೆಗಳು ಸಂಸತ್ತಿಗೆ ಕೊಡಲೇಬೇಕು ಅನ್ನುವ ಮಸೂದೆಯನ್ನು ಸ್ಟೀಫನ್ ಲಿಂಚ್ ಎಂಬ ಸಂಸದರು ಒಂದಕ್ಕಿಂತ ಹೆಚ್ಚು ಸಲ ಮಂಡಿಸಿದ್ದಾರೆ. ಲಿಂಚ್ ಕೂಡ ಸೌತ್ ಬಾಸ್ಟನ್ನಿನ ಸರ್ಕಾರಿ ವಸತಿಯಲ್ಲೇ ಬೆಳೆದವರು. ಆ ಮಸೂದೆ ಪಾಸಾಗಿಲ್ಲ.